ಹಂಡೆಮನೆಯ ಸೂರು

ಕೃಷ್ಣಪ್ಪ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಚನ್ನರಾಯಪಟ್ಟಣದಿಂದ ಹಿರೀಸಾವೆ ಕಡೆಗೆ ಹೋಗುವ ಹೆದ್ದಾರಿ ಪಕ್ಕದ ಆ ವನಸ್ಪತಿ ಕಾರ್ಖಾನೆಯಲ್ಲಿ ಯಾರನ್ನು ವಿಚಾರಿಸಿದರೂ ಅವನ ಬಗ್ಗೆ ಮೊದಲು ಹೇಳುತ್ತಿದ್ದುದು ಇದನ್ನೇ. ಗೇಟಿನಲ್ಲಿ ‘ಕೃಷ್ಣಪ್ಪ ಇದ್ದಾರಾ?’ ಎಂದರೆ ವಾಚ್‌ಮನ್ ಕೂಡ ‘ಯಾರು, ಪೊರಕೆ ಕೃಷ್ಣಪ್ಪನಾ?’ ಎಂದು ನಕ್ಕು ಆಮೇಲೆ ಒಳಗೆ ಕೈ ತೋರಿಸುತ್ತಿದ್ದ. ಹೆಂಡತಿ ಪ್ರೇಮಕುಮಾರಿ ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಅಡ್ಡಹೆಸರು ಕೇಳಿ ಅತ್ತಿದ್ದಳು. ಈಗ ಸಿಟ್ಟು ಬಂದಾಗ ತಾನೂ ಅದನ್ನೇ ಬಳಸುತ್ತಿದ್ದಳು.

ಆ ಕಾರ್ಖಾನೆಯ ಕೆಲಸ ಹೇಳುವುದಕ್ಕೆ ಬಲು ಸುಲಭ. ಟ್ಯಾಂಕರಿನಲ್ಲಿ ಬಂದ ತಾಳೆ ಎಣ್ಣೆಯನ್ನೋ ಹತ್ತಿಬೀಜದ ಎಣ್ಣೆಯನ್ನೋ ಶುದ್ಧ ಮಾಡಿ, ಉಕ್ಕಿನ ದೊಡ್ಡ ಪಾತ್ರೆಯೊಳಗೆ ತುಂಬಿ, ಚೂರು ನಿಕ್ಕಲ್ ಪುಡಿ ಬೆರೆಸಿ, ಕಾಯಿಸಿ, ಒತ್ತಡದಲ್ಲಿ ಹೈಡ್ರೋಜನ್ ಗ್ಯಾಸು ಹಾಯಿಸುತ್ತಾರೆ. ಹರಿಯುವ ಎಣ್ಣೆ ಆರಿದ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದೆ. ಡಬ್ಬಕ್ಕೆ ತುಂಬಿದರೆ ಹಾಸನದ ಬೇಕರಿಗೂ ಅರಕಲಗೂಡಿನ ಮದುವೆಮನೆಗೂ ಹೋಗುತ್ತದೆ. ಆ ಉಕ್ಕಿನ ಪಾತ್ರೆಗೆ ಆಟೋಕ್ಲೇವ್ ಎಂದು ಹೆಸರು. ಅದು ಯಾರ ನಾಲಿಗೆಗೂ ಹೊರಳದೆ, ಕೆಲಸಗಾರರು ಅದನ್ನು ಹಂಡೆ ಎಂದರು, ಅದಿರುವ ಶೆಡ್ಡನ್ನು ಹಂಡೆಮನೆ ಎಂದರು. ಹಂಡೆಮನೆಯ ಆಪರೇಟರ್ ನಮ್ಮ ಕೃಷ್ಣಪ್ಪ.

ಭಯ ಶುರುವಾದದ್ದು ಎಂಬತ್ತಾರರಲ್ಲಿ, ಕೆಲಸಕ್ಕೆ ಸೇರಿದ ಮೂರನೇ ವಾರ. ಹಳೆಯ ಆಪರೇಟರ್ ಈಶ್ವರಯ್ಯ ಅವನಿಗೆ ಕೆಲಸ ಕಲಿಸುತ್ತಿದ್ದರು. ನಡುಹಗಲು. ಗ್ಯಾಸಿನ ಪೈಪಿನ ಪಕ್ಕ ಮಾತಾಡುತ್ತ ನಡೆಯುತ್ತಿದ್ದ ಈಶ್ವರಯ್ಯ ಇದ್ದಕ್ಕಿದ್ದಂತೆ ಚೀರಿದರು. ಅವರ ಅಂಗಿಯ ತೋಳು ಸುರುಟಿಕೊಂಡು ಕಪ್ಪಾಗುತ್ತಿತ್ತು, ಚರ್ಮ ಉಬ್ಬುತ್ತಿತ್ತು. ಬೆಂಕಿ ಮಾತ್ರ ಎಲ್ಲೂ ಇರಲಿಲ್ಲ! ಹೈಡ್ರೋಜನ್ನಿನ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಎಂದು ಕೃಷ್ಣಪ್ಪನಿಗೆ ಗೊತ್ತಾದದ್ದು ಹಾಗೆ. ಗಾಯ ಮಾಗಿದ ಮೇಲೆ ಈಶ್ವರಯ್ಯ ಅವನನ್ನು ಕೂರಿಸಿಕೊಂಡು ಎರಡು ಮಾತು ಹೇಳಿದರು.

“ನೋಡ್ಲಾ ಕೃಷ್ಣಪ್ಪ, ಪೈಪಿನ ತಾವ ಓಗೋವಾಗ ಕಡ್ಡಿಪೊರಕೆ ಮುಂದಕ್ಕಿಡ್ಕೊಂಡು ಓಗು. ಉರಿ ಇದ್ರೆ ಪೊರಕೆ ಮೊದ್ಲು ಹತ್ಕತದೆ, ನೀನು ಉಳ್ಕತೀಯ. ಇನ್ನೊಂದು, ಆ ಸೂರಿನ ಬಾಯಿ ಐತಲ್ಲ, ಅದನ್ನ ಯಾವತ್ತೂ ಮುಚ್ಬ್ಯಾಡ. ಮಳೆ ಬಂದ್ರೆ ಬೀಳ್ಲಿ, ಹಂಡೆ ಏನೂ ಕರಗಾಕಿಲ್ಲ. ಈ ಗ್ಯಾಸು ಗಾಳಿಗಿಂತ ಅಗುರ, ಸೋರಿದ್ದು ಮೇಲಕ್ಕೇ ಓಯ್ತದೆ. ಓಗಾಕೆ ದಾರಿ ಇದ್ರೆ ನಾವು ಬದುಕ್ದೋ.”

ಹಂಡೆಮನೆಯ ಸಿಮೆಂಟ್ ಶೀಟಿನ ಸೂರು ಎರಡು ಕಡೆಯಿಂದ ಏರಿ ಬಂದು ನೆತ್ತಿಯಲ್ಲಿ ಕೂಡುತ್ತಿರಲಿಲ್ಲ. ನಡುವೆ ಉದ್ದಕ್ಕೂ ಒಂದು ಮೊಳ ಅಗಲದ ಸಂದು ಬಿಟ್ಟಿದ್ದರು. ಎಣ್ಣೆ ಕಲಕುವ ಉಕ್ಕಿನ ಕಡಗೋಲು ಹಂಡೆಯ ನೆತ್ತಿಯಿಂದ ಒಳಹೋಗುವ ಜಾಗದಲ್ಲಿ ಗ್ಯಾಸು ಒಂದಿಷ್ಟು ಯಾವಾಗಲೂ ಸೋರುತ್ತಿತ್ತು, ಎಷ್ಟು ಬಿಗಿ ಮಾಡಿದರೂ ಸೋರುತ್ತಿತ್ತು. ಅದು ಆ ಬಾಯಿಂದ ಹೊರಟು ಹೋಗುತ್ತಿತ್ತು. ಕೃಷ್ಣಪ್ಪ ಹನ್ನೊಂದು ವರ್ಷ ಪೊರಕೆ ಹಿಡಿದು ಓಡಾಡಿದ, ಹನ್ನೊಂದು ವರ್ಷವೂ ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ಆ ಬಾಯಲ್ಲಿ ಆಕಾಶ ಕಾಣುತ್ತಿದೆಯೇ ಎಂದು ನೋಡಿದ. ಜನ ನಕ್ಕರು. ನಗಲಿ.

ಆದರೆ ಒಂದು ಸಲ ಅವನ ಭಯ ಬೇರೆಯವರ ಸೊಂಟ ಮುರಿಯಿತು. ಎರಡು ವರ್ಷದ ಹಿಂದೆ ಪಕ್ಕದ ಹಬೆಯ ಪೈಪು ಸುಯ್ಯೆಂದದ್ದನ್ನು ಗ್ಯಾಸೆಂದು ತಿಳಿದು ಅಪಾಯದ ಗಂಟೆ ಬಾರಿಸಿಬಿಟ್ಟಿದ್ದ. ಪ್ಯಾಕಿಂಗಿನ ಹೆಂಗಸರು ಎದ್ದೆವೋ ಬಿದ್ದೆವೋ ಎಂದು ಓಡುವಾಗ ಲಕ್ಕಮ್ಮ ಎನ್ನುವಾಕೆ ಎಣ್ಣೆಯ ನೆಲದಲ್ಲಿ ಜಾರಿ ಬಿದ್ದಳು. ಮೂರು ತಿಂಗಳು ಹಾಸಿಗೆ ಹಿಡಿದು, ಕುಂಟುತ್ತ ಕೆಲಸಕ್ಕೆ ಮರಳಿದಳು. ಮ್ಯಾನೇಜರ್ ಲಕ್ಷ್ಮೀನರಸಿಂಹ, ಹೊಳೆನರಸೀಪುರದವರು, ಕೆಮಿಸ್ಟ್ರಿ ಓದಿದವರು, ಸಾಮಾನ್ಯವಾಗಿ ದನಿ ಏರಿಸದವರು, ಅವನನ್ನು ಕರೆದು ಒಂದೇ ಮಾತು ಹೇಳಿದ್ದರು: “ಇನ್ನೊಂದು ಸಲ ಹೀಗೆ ಸುಮ್ಮಸುಮ್ಮನೆ ಜನರನ್ನು ಓಡಿಸಿದರೆ ನೀವು ಮನೆಗೆ ಹೋಗ್ತೀರಿ, ಕೃಷ್ಣಪ್ಪ.” ಅಂದಿನಿಂದ ಅವನಿಗೆ ಗ್ಯಾಸಿನ ಭಯದ ಜೊತೆಗೆ ಭಯಪಡುವುದಕ್ಕೂ ಭಯ.

ತೊಂಬತ್ತೇಳರ ಆಯುಧಪೂಜೆ ಶುಕ್ರವಾರ ಬಂತು. ಕೆಲಸಗಾರರ ಹೆಂಡತಿ ಮಕ್ಕಳನ್ನು ಕಾರ್ಖಾನೆಯೊಳಗೆ ಬಿಡುತ್ತಿದ್ದುದು ವರ್ಷಕ್ಕೆ ಆ ಒಂದು ಹಬ್ಬಕ್ಕೆ ಮಾತ್ರ. ಪೂಜೆ ನಡೆಯುತ್ತಿದ್ದುದು ಹಂಡೆಮನೆಯಲ್ಲೇ. ಅದು ಯಜಮಾನರ ತಾಯಿ ದೊಡ್ಡತಾಯಮ್ಮನ ಕಟ್ಟಪ್ಪಣೆ: ಅನ್ನ ಕೊಡುವುದು ಹಂಡೆ, ಪೂಜೆಯೂ ಹಂಡೆಗೇ. ಕೆಳಗೆ ದೇವರ ಪಟ, ಅದರ ಮುಂದೆ ಸ್ಪ್ಯಾನರು, ಸುತ್ತಿಗೆ, ಮಚ್ಚು, ಡಬ್ಬ ಕತ್ತರಿಸುವ ಕತ್ತರಿ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿ ಜೋಡಿಸುವುದು. ಹಾಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಗಿನವರೆಗೆ ಯಾರೂ ಮುಟ್ಟಕೂಡದು. ಕೊನೆಗೆ ಕರ್ಪೂರ ಹಚ್ಚಿದ ತಟ್ಟೆಯನ್ನು ಕಬ್ಬಿಣದ ಮೆಟ್ಟಿಲ ಮೇಲೆ ಹೊತ್ತು ಹತ್ತಿ, ಹಂಡೆಯ ನೆತ್ತಿಗೆ ಬೆಳಗಿ ಬರುವುದು. ಮೆಟ್ಟಿಲು ಹದಿನೇಳು. ಪ್ರತಿ ವರ್ಷ ಹಿಂದಿನ ದಿನವೇ ಹಂಡೆಯ ಗ್ಯಾಸನ್ನೆಲ್ಲ ಹೊರಬಿಟ್ಟು ಖಾಲಿ ಮಾಡುತ್ತಿದ್ದರು. ಈ ವರ್ಷ ದೀಪಾವಳಿಯ ಆರ್ಡರು ತಲೆಯ ಮೇಲೆ ಕೂತಿತ್ತು. ಅರ್ಧ ಬೆಂದ ಎಣ್ಣೆಯನ್ನು ಗ್ಯಾಸಿನ ಸಮೇತ ಹಂಡೆಯಲ್ಲೇ ಬಿಡಿ ಎಂದರು ಲಕ್ಷ್ಮೀನರಸಿಂಹ. ದಿನಾ ಸೋರುವಷ್ಟು ಸೋರುತ್ತದೆ, ಸೂರಿನಿಂದ ಹೋಗುತ್ತದೆ, ಆರತಿಯನ್ನು ನೆತ್ತಿಯ ಹತ್ತಿರ ಒಯ್ಯದೆ ದೂರದಿಂದ ಬೆಳಗಿದರಾಯಿತು. ಕೃಷ್ಣಪ್ಪನಿಗೂ ಅದು ಸರಿ ಎನ್ನಿಸಿತು.

ಗುರುವಾರ ಸಾಯಂಕಾಲ ಅವನ ಮಗಳು ಅನುಶ್ರೀ ಹಂಡೆಯ ಮುಂದೆ ರಂಗೋಲಿ ಹಾಕಿದಳು. ಎಂಟನೇ ಕ್ಲಾಸಿನ ಹುಡುಗಿ, ಮಾತು ಕಡಿಮೆ, ಕೈ ಮಾತ್ರ ಚುರುಕು. ದಸರಾ ರಜೆಯಲ್ಲಿದ್ದವಳು ಅಪ್ಪನ ಹಿಂದೆ ಬಂದು ಕೂತು, ನೆಲದ ತುಂಬ ಒಂದು ನವಿಲು ಬಿಡಿಸಿದಳು. ಅದರ ಗರಿಗಳು ಹಂಡೆಯ ಬುಡವನ್ನು ಎರಡೂ ಕಡೆಯಿಂದ ಬಳಸಿದ್ದವು. ತೋರಣ ಕಟ್ಟುತ್ತಿದ್ದವರು ಕೆಲಸ ಬಿಟ್ಟು ಬಂದು ನಿಂತರು. ದೊಡ್ಡತಾಯಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಯಾರ್ ಮಗೀನೇ ಇದು? ನಾಳೆ ಆರತಿ ತಟ್ಟೆ ಇವಳೇ ಹಿಡೀಲಿ” ಅಂದರು.

“ನಮ್ ಕೃಷ್ಣಪ್ಪನ ಮಗಳು ಕಣಮ್ಮ,” ಅಂದರು ಯಾರೋ. ಪೊರಕೆ ಎನ್ನಲಿಲ್ಲ. ನಮ್ಮ ಕೃಷ್ಣಪ್ಪ ಅಂದರು. ಅವನಿಗೆ ಎದೆ ಉಬ್ಬಿ ಬಂತು, ಕಣ್ಣು ಒದ್ದೆಯಾಯಿತು. ಹನ್ನೊಂದು ವರ್ಷದಲ್ಲಿ ಆ ಶೆಡ್ಡಿನೊಳಗೆ ಅವನು ನೆಟ್ಟಗೆ ನಿಂತದ್ದು ಅದೇ ಮೊದಲು.

ಅಷ್ಟರಲ್ಲಿ ಮೂಡಣದಲ್ಲಿ ಮೋಡ ಕಪ್ಪಿಟ್ಟಿತು. ಅನುಶ್ರೀ ಮೇಲೆ ನೋಡಿದಳು.

“ಅಪ್ಪಾ, ಮಳೆ ಬಂದ್ರೆ ನವಿಲೆಲ್ಲ ತೊಳ್ಕಂಡೋಯ್ತದೆ.”

“ಯಾಕೋಯ್ತದೆ? ನಾನಿಲ್ವಾ?” ಅಂದ ಕೃಷ್ಣಪ್ಪ.

ಲಾರಿಗೆ ಹೊದಿಸುವ ನೀಲಿ ಟಾರ್ಪಾಲು ಗೋಡೌನಿನಲ್ಲಿತ್ತು. ಹೆಗಲ ಮೇಲೆ ಹಾಕಿಕೊಂಡು, ಬಿದಿರೇಣಿ ಹಾಕಿ ಹತ್ತಿ, ಶೀಟಿನ ಬೋಲ್ಟಿನ ಸಾಲಿನ ಮೇಲೆ ಹೆಜ್ಜೆಯಿಟ್ಟು ನೆತ್ತಿಗೆ ಹೋದ. ಸಂದಿನ ಉದ್ದಕ್ಕೂ ಟಾರ್ಪಾಲು ಹರಡಿದ. ತೆಂಗಿನ ನಾರಿನ ಹಗ್ಗದಲ್ಲಿ ಆ ಕಡೆ ಮೂರು, ಈ ಕಡೆ ಮೂರು ಗಂಟು ಬಿಗಿದ. ಮಾಡುತ್ತಿರುವುದೇನು ಎಂದು ಒಮ್ಮೆಯೂ ಅವನ ತಲೆಗೆ ಹೊಳೆಯಲಿಲ್ಲ. ಏನೋ ಹಾಡು ಗುನುಗಿಕೊಂಡು ಇಳಿದು ಬಂದು, ಮಗಳ ತಲೆ ಸವರಿ, ಅವಳ ಜೊತೆ ಏಳು ಗಂಟೆಯ ಬಸ್ಸಿಗೆ ಮನೆಗೆ ಹೊರಟ. ಆ ಗಳಿಗೆಯ ಕೃಷ್ಣಪ್ಪನನ್ನು ನೆನೆದರೆ ಬಯ್ಯಬೇಕು ಎನ್ನಿಸುತ್ತದೆ, ಬಾಯಿ ಬರುವುದಿಲ್ಲ.

ರಾತ್ರಿ ಮಳೆ ಚೆನ್ನಾಗಿ ಹುಯ್ಯಿತು.

ಬೆಳಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ ಹಂಡೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರುವತ್ತು ಜನರಾದರೂ ಇದ್ದರು. ಹೊಸ ಲಂಗದ ಮಕ್ಕಳು, ಹೂ ಮುಡಿದ ಹೆಂಗಸರು, ಇಸ್ತ್ರಿ ಅಂಗಿಯ ಗಂಡಸರು. ಕೃಷ್ಣಪ್ಪ ಹೆಂಡತಿ ಮಗಳೊಂದಿಗೆ ಒಳಗೆ ಬಂದ. ದೇವರೆದುರು ಪೊರಕೆ ಇರಕೂಡದೆಂದು ಅದನ್ನು ಯಾರೋ ಹೊರಗೆ ಬಿಸಾಕಿದ್ದರು. ನವಿಲು ಹಾಗೇ ಇತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಅವನಿಗೆ ಖುಷಿಯಾಯಿತು. ಆದರೆ ನವಿಲಿನ ಬಣ್ಣವೆಲ್ಲ ಯಾಕೋ ಮಂಕಾಗಿ ಕಂಡಿತು. ಬಿಳಿಯ ಪುಡಿಯೂ ನೀಲಿಯಾಗಿತ್ತು, ಜನರ ಮುಖವೂ ನೀಲಿಯಾಗಿತ್ತು. ಇದೆಲ್ಲಿಂದ ಬಂತು ಈ ನೀಲಿ ಬೆಳಕು ಎಂದು ತಲೆಯೆತ್ತಿದ.

ಸೂರಿನ ಬಾಯಲ್ಲಿ ಆಕಾಶವಿರಲಿಲ್ಲ.

ಟಾರ್ಪಾಲು ಮಳೆಗೆ ತೊಯ್ದು ಶೀಟಿಗೆ ಅಂಟಿಕೊಂಡಿತ್ತು, ನಡುವೆ ನೀರು ನಿಂತು ಹೊಟ್ಟೆಯಂತೆ ಕೆಳಕ್ಕೆ ಜೋತಿತ್ತು. ಒಂದು ಎಳೆ ಗಾಳಿ ಹೋಗುವ ಸಂದೂ ಇರಲಿಲ್ಲ. ಮೋಟರುಗಳೆಲ್ಲ ನಿಂತ ಆ ದಿನ, ಜನರ ಗುಜುಗುಜಿನ ನಡುವೆ, ಹಂಡೆಯ ನೆತ್ತಿಯ ಸುಯ್ಯೆನ್ನುವ ಸಣ್ಣ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ನಿನ್ನೆ ಸಾಯಂಕಾಲದಿಂದ ಹೀಗೇ ಸೋರಿದೆ. ರಾತ್ರಿಯೆಲ್ಲ ಸೋರಿದೆ. ಅಷ್ಟೂ ಮೇಲೆ ಸೂರಿನಡಿ ಕೂತಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಅಲ್ಲಿ ಏನೂ ಇಲ್ಲದ ಹಾಗೆ ಕೂತಿದೆ. ಕೆಳಗೆ ಪಟದ ಮುಂದೆ ಎಣ್ಣೆಯ ದೀಪ ಉರಿಯುತ್ತಿತ್ತು. ದೊಡ್ಡತಾಯಮ್ಮನ ಮಗ್ಗುಲಲ್ಲಿ ಅನುಶ್ರೀ ಹಸಿರು ಲಂಗ ನೆರಿಗೆ ಮಾಡಿಕೊಂಡು ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಕರ್ಪೂರ ಗುಡ್ಡೆ ಹಾಕಿತ್ತು.

ಹದಿನೇಳು ಮೆಟ್ಟಿಲು. ಹತ್ತನೆಯದಕ್ಕೇ ಅವಳ ತಟ್ಟೆ ಗ್ಯಾಸಿಗೆ ತಾಗಬಹುದು, ಎಂಟನೆಯದಕ್ಕೂ ತಾಗಬಹುದು.

ಅವನು ಜನರನ್ನು ತಳ್ಳಿಕೊಂಡು ಮ್ಯಾನೇಜರ ಹತ್ತಿರ ಹೋದ.

“ಸಾ, ವಸಿ ತಡೀರಿ ಸಾ. ಪೂಜೆ ಆಚೆ ಮಾಡಾಣ.”

“ಏನ್ರೀ ಮತ್ತೆ ನಿಮ್ಮದು?” ಲಕ್ಷ್ಮೀನರಸಿಂಹ ಗಡಿಯಾರ ನೋಡಿಕೊಂಡರು. “ಹತ್ತೂವರೆಗೆ ರಾಹುಕಾಲ ಬಂದುಬಿಡುತ್ತೆ.”

“ಸೋರ್ತಾ ಐತೆ ಸಾ. ಸದ್ದು ಕೇಳಿ.”

“ದಿನಾ ಸೋರುತ್ತಲ್ರೀ. ಮೇಲೆ ಸೂರು ಬಾಯಿ ಬಿಟ್ಕೊಂಡಿದೆ, ಹೋಗುತ್ತೆ. ಇವತ್ತೊಂದು ದಿನ ಧೈರ್ಯವಾಗಿರಿ. ನಿಮ್ಮ ಮಗಳ ಮುಂದೆ ನಿಮಗೇ ಚೆನ್ನಾಗಿರಲ್ಲ.”

ಇಲ್ಲ ಸಾ, ಬಾಯಿ ಮುಚ್ಚಿದೆ, ಮುಚ್ಚಿದವನು ನಾನೇ. ಇಷ್ಟೇ ಮಾತು. ಅಷ್ಟು ಹೇಳಿದ್ದರೆ ಅವರೇ ಜನರನ್ನು ಹೊರಗೆ ಕಳಿಸುತ್ತಿದ್ದರು. ಹೇಳಲಾಗಲಿಲ್ಲ ಆ ಪುಣ್ಯಾತ್ಮನಿಗೆ! ಹನ್ನೊಂದು ವರ್ಷ ಎಲ್ಲರಿಗೂ ಸೂರು ಸೂರು ಎಂದು ತಲೆ ತಿಂದವನು, ತಾನೇ ಅದನ್ನು ಮುಚ್ಚಿದೆ ಎಂದು ಯಾವ ಮುಖದಲ್ಲಿ ಹೇಳುವುದು? ಕೆಲಸ ಹೋಗುತ್ತದೆ. ಮಗಳು ಕೇಳಿಸಿಕೊಳ್ಳುತ್ತಾಳೆ. ಸದ್ದಿಲ್ಲದೆ ಹತ್ತಿ ಬಿಚ್ಚಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಐದು ನಿಮಿಷ ಸಾಕು ಎಂದು ಅವನ ಭಯ ಅವನಿಗೆ ಹೇಳಿಕೊಟ್ಟಿತು.

ಬಾಗಿಲ ಹತ್ತಿರ ಪ್ರೇಮಕುಮಾರಿ ನಿಂತಿದ್ದಳು. ಅವನು ಅವಳ ಕೈ ಹಿಡಿದೆಳೆದ. “ಮಗೀನ ಕರ್ಕೊಂಡು ಆಚಿಕ್ ಬಾ. ಈಗ್ಲೇ ಬಾ.”

“ನಿಮಗೇನ್ ಬಂದೈತೆ? ಆರತಿ ತಟ್ಟೆ ಇಡ್ದವ್ಳೆ ಅವ್ಳು. ಎಲ್ಲಾ ನೋಡ್ತಾವ್ರೆ.”

ತನ್ನ ಎರಡು ಜೀವ ಮಾತ್ರ ಹೊರಗೆಳೆದುಕೊಳ್ಳಲು ನೋಡಿದೆನಲ್ಲ ಎಂದು ಹೊಳೆದಾಗ ಅವನಿಗೆ ಹೇಸಿಗೆಯಾಯಿತು. ಒಳಗೆ ಅಷ್ಟು ಮಕ್ಕಳಿದ್ದವು. ಕೈ ಬಿಟ್ಟು ಹೊರಗೆ ಓಡಿದ.

ಏಣಿ ಒದ್ದೆಯಾಗಿತ್ತು, ಶೀಟು ಪಾಚಿಗಟ್ಟಿ ಜಾರುತ್ತಿತ್ತು. ತೆವಳಿಕೊಂಡೇ ನೆತ್ತಿಗೆ ಹೋಗಿ ಮೊದಲ ಗಂಟಿಗೆ ಉಗುರು ಹಾಕಿದ. ಮಳೆ ಕುಡಿದ ನಾರಿನ ಹಗ್ಗ ಉಬ್ಬಿ ಕಲ್ಲಾಗಿತ್ತು. ಎರಡು ಉಗುರು ಕಿತ್ತವು. ಹಲ್ಲು ಹಾಕಿದ, ವಸಡಿನಲ್ಲಿ ರಕ್ತ ಬಂತು, ಗಂಟು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಕೆಳಗೆ ಮಂತ್ರ ಕೇಳುತ್ತಿತ್ತು. ಒಂದು ಚಾಕು ಬೇಕು. ಇಡೀ ಕಾರ್ಖಾನೆಯಲ್ಲಿ ಹರಿತವಾದದ್ದು ಎನ್ನುವುದೆಲ್ಲ, ಅಡಿಗೆಯ ಈಳಿಗೆಮಣೆ ಕೂಡ, ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಪೂಜೆಗಿಟ್ಟ ಆಯುಧ ಎತ್ತಿದವನ ಮನೆ ಏಳಿಗೆಯಾಗುವುದಿಲ್ಲ ಎಂದು ಅವನ ತಾಯಿ ಸಾಯುವವರೆಗೂ ಹೇಳುತ್ತಿದ್ದಳು. ಅವನು ಅದನ್ನು ನಂಬಿಯೂ ಇದ್ದ.

ಇಳಿದು ಮತ್ತೆ ಒಳಗೆ ಬಂದ. ಜನರ ಕಾಲುಗಳ ನಡುವೆ ತೂರಿ ಪಟದ ಮುಂದೆ ಹೋಗಿ, ಸೇವಂತಿಗೆ ಹಾರ ಸರಿಸಿ, ಎಳನೀರು ಕೆತ್ತುವ ಮಚ್ಚಿಗೆ ಕೈ ಹಾಕಿದ. ಮಚ್ಚು ಸ್ಪ್ಯಾನರಿಗೆ ತಗುಲಿ ಠಣ್ ಎಂದಿತು. ಅವನ ಜೀವ ಅಲ್ಲೇ ಹೋಯಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಎದ್ದೀತೆಂದು ಈ ಶೆಡ್ಡಿಗೆ ಕಬ್ಬಿಣದ ಸಾಮಾನನ್ನೇ ತರುತ್ತಿರಲಿಲ್ಲ, ಹಿತ್ತಾಳೆಯ ಸ್ಪ್ಯಾನರೇ ಬಳಸುತ್ತಿದ್ದುದು. ಇವತ್ತು ಊರಿನ ಕಬ್ಬಿಣವೆಲ್ಲ ಇಲ್ಲೇ ಇತ್ತು.

“ಲೇ! ಮುಟ್ಬ್ಯಾಡ ಕಣ್ಲಾ!” ದೊಡ್ಡತಾಯಮ್ಮ ಚೀರಿದರು. “ಇಡ್ಲಾ ಕೆಳಕ್ಕೆ! ಯಾರಾರ ಇಡ್ಕೊಳ್ರೋ ಅವನ್ನ!”

ಯಾರೋ ಅವನ ಅಂಗಿ ಹಿಡಿದರು. ಅಂಗಿ ಹರಿಯಿತು. ಮಚ್ಚು ಹಿಡಿದವನನ್ನು ಅಡ್ಡಗಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅನುಶ್ರೀ ಅವನನ್ನೇ ನೋಡುತ್ತಿದ್ದಳು. ಮಗಳ ಕಣ್ಣಲ್ಲಿ ಹೆದರಿಕೆ ಇತ್ತು, ಆ ಹೆದರಿಕೆ ಅವನದೇ ಎಂದು ಓಡುತ್ತಲೇ ಅವನಿಗೆ ತಿಳಿಯಿತು.

ಏಣಿಯ ಬುಡದಲ್ಲಿ ಲಕ್ಕಮ್ಮ ನಿಂತಿದ್ದಳು. ಅವನ ಓಡಾಟವನ್ನು ಆಗಿನಿಂದ ನೋಡುತ್ತಿದ್ದವಳು ಕುಂಟುತ್ತ ಬಂದಿದ್ದಳು.

“ಏನಣ್ಣ, ಗ್ಯಾಸಾ?”

ಅವನು ತಲೆಯಾಡಿಸಿದ.

“ನಿಜವಾಗ್ಲೂ?”

“ನಿಜ ಕಣವ್ವ. ಲಕ್ಕಮ್ಮ, ಈ ಸಲ ನಿಜ.”

ಅವಳು ಏಣಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಅವನ ಹಿಂದೆ ಬಂದ ಇಬ್ಬರು ಗಂಡಸರಿಗೆ, “ಮುಟ್ಟೀರಾ ಏಣಿ! ನನ್ ಮ್ಯಾಲೆ ಹತ್ಕಂಡೋಗ್ರಿ” ಎಂದು ಗದರಿದಳು.

ಮಚ್ಚನ್ನು ಬೀಸಲು ಅವನಿಗೆ ಧೈರ್ಯವಾಗಲಿಲ್ಲ. ಏಟು ತಪ್ಪಿ ಬೋಲ್ಟಿಗೆ ಬಿದ್ದರೆ ಕಿಡಿ. ಹಗ್ಗವನ್ನು ಅಂಗೈಗೆ ಸುತ್ತಿ ಎತ್ತಿ ಹಿಡಿದು ಸೊಪ್ಪು ಕೊಯ್ದ ಹಾಗೆ ಕೊಯ್ದ. ಒಂದು. ಕೆಳಗೆ ಜಾಗಟೆ ಶುರುವಾಯಿತು. ಮಂಗಳಾರತಿ! ಹುಚ್ಚನೊಬ್ಬ ಮಚ್ಚು ಹಿಡಿದು ಓಡಿದ್ದಕ್ಕೆ ಪೂಜೆ ನಿಲ್ಲಿಸಿ ರಾಹುಕಾಲಕ್ಕೆ ಸಿಕ್ಕಿಕೊಳ್ಳುವ ಹೆಂಗಸಲ್ಲ ದೊಡ್ಡತಾಯಮ್ಮ. ಎರಡು. ಮಚ್ಚು ಜಾರಿ ಹೆಬ್ಬೆರಳ ಮೇಲೆ ಹಾಯ್ದಿತು. ನೋವೇ ಗೊತ್ತಾಗಲಿಲ್ಲ. ‘ನಮ್ಮಪ್ಪಾ, ನಮ್ಮಪ್ಪಾ’ ಎಂದು ಯಾವ ದೇವರನ್ನೋ ಕರೆಯುತ್ತಿದ್ದ, ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮೂರನೆಯ ಹಗ್ಗ ತುಂಡಾದದ್ದೇ ಟಾರ್ಪಾಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೈಯ ಭಾರವನ್ನೆಲ್ಲ ಹಾಕಿ ಎಳೆದ.

ರಾತ್ರಿಯ ಮಳೆನೀರು ಒಂದೇ ಸಲ ಕೆಳಗೆ ಸುರಿಯಿತು.

ಸಂದಿನಿಂದ ಅವನಿಗೆ ಮಗಳು ಕಂಡಳು. ಮೆಟ್ಟಿಲ ಮೇಲಿದ್ದಳು, ಆರನೆಯದೋ ಏಳನೆಯದೋ. ಕೈಯಲ್ಲಿ ಉರಿಯುತ್ತಿದ್ದ ತಟ್ಟೆ. ಮರುಗಳಿಗೆ ನೀರು ಅವಳ ತಲೆಯ ಮೇಲೆ, ತಟ್ಟೆಯ ಮೇಲೆ, ಕೆಳಗಿನ ನವಿಲಿನ ಮೇಲೆ ಬಿದ್ದಿತ್ತು. ಕರ್ಪೂರ ಚುಯ್ ಎಂದು ಆರಿತು. ಜಾಗಟೆ ನಿಂತಿತು. ನವಿಲಿನ ಬಣ್ಣ ಕಲಸಿ ಜನರ ಕಾಲಡಿ ಹರಿಯಿತು. ಅನುಶ್ರೀ ತೊಯ್ದ ಲಂಗದಲ್ಲಿ ಮೆಟ್ಟಿಲ ಕಂಬಿ ಹಿಡಿದು ಮೇಲೆ ನೋಡುತ್ತಿದ್ದಳು. ಸೂರಿನ ಬಾಯಿಂದ ಸುಡುವ ಬೆಂಕಿಯೂ ಬರಲಿಲ್ಲ, ಹೊಗೆಯೂ ಏಳಲಿಲ್ಲ. ಅವನ ಮುಖದ ಮುಂದೆಯೇ ಅಷ್ಟೂ ಗ್ಯಾಸು ಹೊರಟು ಹೋಗುತ್ತಿತ್ತು, ಕಾಣುವುದಕ್ಕೆ ಏನೂ ಇರಲಿಲ್ಲ.

“ಹಬ್ಬದ ದಿನ ಹಿಂಗ್ ಮಾಡ್ದಲ್ಲೋ ಹಾಳಾದೋನೆ!” ದೊಡ್ಡತಾಯಮ್ಮ ಅಳುತ್ತಲೇ ಮೆಟ್ಟಿಲೇರಿ ತಟ್ಟೆಯ ಒದ್ದೆ ಕರ್ಪೂರ ಚೆಲ್ಲಿ ಹೊಸದನ್ನು ಹಾಕಿ, ಸೆರಗಿನ ಮರೆಯಲ್ಲಿ ನೆನೆಯದೆ ಉಳಿದಿದ್ದ ಬೆಂಕಿಪೊಟ್ಟಣ ತೆಗೆದರು. “ಹತ್ತು ಮಗಾ ನೀನು, ಹತ್ತು.”

ಕೃಷ್ಣಪ್ಪನಿಗೆ ಆಗ ದನಿ ಬಂತು. ಸಂದಿನೊಳಗೆ ತಲೆ ಹಾಕಿ ಕಿರುಚಿದ.

“ಕಡ್ಡಿ ಗೀರ್ಬ್ಯಾಡಿ! ಸಾ, ಕಡ್ಡಿ ಗೀರ್ಬ್ಯಾಡಿ ಅನ್ನಿ! ನೆನ್ನೆಯಿಂದ ಸೂರು ಮುಚ್ಚಿತ್ತು. ನಾನೇ ಸಾ ಕಟ್ಟಿದ್ದು. ಮಳೆ ಬೀಳ್ದಂಗೆ ನಾನೇ ಕಟ್ಬುಟ್ಟೆ!”

ಲಕ್ಷ್ಮೀನರಸಿಂಹ ಮೇಲೆ ನೋಡಿದರು. ಅರ್ಧ ಮುಚ್ಚಿದ ಬಾಯಿ, ಜೋತಾಡುವ ಟಾರ್ಪಾಲು, ಅದರ ಪಕ್ಕ ರಕ್ತ ಮೆತ್ತಿದ ಮುಖ. ಆ ಶೆಡ್ಡಿನಲ್ಲಿದ್ದವರಲ್ಲಿ ಅದರ ಅರ್ಥ ಪೂರ್ತಿ ತಿಳಿದವರು ಅವರೊಬ್ಬರೇ. ಅವರು ನೇರ ಹೋಗಿ ಯಜಮಾನರ ತಾಯಿಯ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಮೊದಲ ಸಲ ಜೇಬು ಸಿಕ್ಕಲಿಲ್ಲ. ಹೂವಿನಿಂದ ಬತ್ತಿ ಒತ್ತಿ ದೀಪ ಶಾಂತ ಮಾಡಿದರು. “ಎಲ್ಲರೂ ಹೊರಗೆ ನಡೀರಿ. ಓಡಬೇಡಿ. ನಿಧಾನ,” ಅಂದರು. ಅವರ ದನಿ ಕೇಳಿ ಜನ ಯಾಕೆಂದು ಕೇಳಲಿಲ್ಲ.

ಪೂಜೆ ರಾಹುಕಾಲ ಕಳೆದು ಹೊರಗಿನ ಹುಣಿಸೆಮರದಡಿ ನಡೆಯಿತು. ಆರತಿ ತಟ್ಟೆಯನ್ನು ಬೇರೆ ಯಾರೋ ಹಿಡಿದರು. ಕೃಷ್ಣಪ್ಪನನ್ನು ದೊಡ್ಡತಾಯಮ್ಮ ಹತ್ತಿರ ಸೇರಿಸಲಿಲ್ಲ. ಅವನು ಗೇಟಿನ ಬಳಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಜನ ದೂರದಿಂದ ನೋಡಿದರು. ಕೆಲವರು ಅವನು ಅರುವತ್ತು ಜನರ ಜೀವ ಉಳಿಸಿದ ಎಂದರು, ಕೆಲವರು ಅರುವತ್ತು ಜನರನ್ನು ಸಾಯಿಸುತ್ತಿದ್ದ ಎಂದರು. ಅಷ್ಟು ಗ್ಯಾಸು ನಿಜವಾಗಿ ಇತ್ತೋ ಇಲ್ಲವೋ, ಪುಕ್ಕಲನ ಮಾತು ಯಾರು ಕಂಡರು ಎಂದವರೂ ಇದ್ದರು. ಮಧ್ಯಾಹ್ನ ಲಕ್ಷ್ಮೀನರಸಿಂಹ ಬಂದು ಅವನ ಎದುರು ನಿಂತರು.

“ಹಂಡೆಯಲ್ಲಿ ಗ್ಯಾಸು ಬಿಟ್ಟಿದ್ದು ನನ್ನ ತಪ್ಪು, ಕೃಷ್ಣಪ್ಪ. ಯಜಮಾನರಿಗೆ ಹೇಳಿದ್ದೀನಿ. ಸೂರು ಮುಚ್ಚಿದ್ದು ನಿಮ್ಮದು. ನಿಮ್ಮನ್ನು ಮತ್ತೆ ಒಳಗೆ ಬಿಡೋದಕ್ಕೆ ಅವರು ಒಪ್ಪುತ್ತಿಲ್ಲ.” ಹೊರಟವರು ಮತ್ತೆ ತಿರುಗಿ, “ಬೇರೆ ಯಾರೋ ಆಗಿದ್ದರೆ ನನಗೆ ಅರ್ಥವಾಗುತ್ತಿತ್ತು. ನೀವು ಹೇಗ್ರೀ ಮರೆತಿರಿ?” ಅಂದರು.

ಕೃಷ್ಣಪ್ಪ ಎದ್ದು ಕೈ ಮುಗಿದ.

ಹಿರೀಸಾವೆಯ ಬಸ್ಸಿಗೆ ಮೂವರೂ ರಸ್ತೆಬದಿ ನಿಂತರು. ಪ್ರೇಮಕುಮಾರಿ ಅವನ ಹರಿದ ಅಂಗಿಯ ಮೇಲೆ ತನ್ನ ಸೆರಗು ಹೊದಿಸುವಂತೆ ಒತ್ತಿಕೊಂಡು ನಿಂತಿದ್ದಳು. ಅನುಶ್ರೀಯ ಲಂಗ ಮೈಮೇಲೆಯೇ ಒಣಗಿತ್ತು, ಅಂಚಿನಲ್ಲಿ ನವಿಲಿನ ಬಣ್ಣ ಹತ್ತಿತ್ತು. ಲಾರಿಗಳು ಹೋದವು. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು.

“ಅಪ್ಪಾ, ನೆನ್ನೆ ಮ್ಯಾಲೆ ಹತ್ತಿ ಕಟ್ತಿದ್ದಾಗ ನಿಂಗೆ ಭಯ ಆಗ್ನಿಲ್ವಾ?”

“ಇಲ್ಲ ಕಣವ್ವ.” ಅವನು ಮಗಳ ಮುಖ ನೋಡಲಿಲ್ಲ. “ಹನ್ನೊಂದು ವರ್ಸದಾಗೆ ನೆನ್ನೆ ಒಂದು ಸಾಯಂಕಾಲ ಆಗ್ನಿಲ್ಲ. ನಿನ್ ನವಿಲ್ನ ಎಲ್ರೂ ನೋಡ್ತಿದ್ರಲ್ಲ, ನಂಗೆ ಬೋ ಸಂತೋಸ ಆಗಿತ್ತು.”

ಅನುಶ್ರೀ ಲಂಗದ ಅಂಚಿನ ಬಣ್ಣವನ್ನು ಉಗುರಿನಿಂದ ಕೆರೆದಳು.

“ನಾನು ಇನ್ಮ್ಯಾಕೆ ರಂಗೋಲಿ ಹಾಕಾಕಿಲ್ಲ ಬುಡಪ್ಪ,” ಅಂದಳು. ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ, ಬಹಳ ಮೆತ್ತಗೆ ಅಂದಳು.

ಹಾಕವ್ವ, ಹಾಕಬೇಕು ಎನ್ನಲು ಬಾಯಿ ತೆರೆದವನು ಬಣ್ಣ ಮೆತ್ತಿದ ಅವಳ ಉಗುರನ್ನೇ ನೋಡಿದ. ಹಂಡೆಮನೆ ಹಿಂದೆ ಬಿದ್ದಿತ್ತು, ಮತ್ತೆ ಅಲ್ಲಿಗೆ ಕಾಲಿಡುವುದಿರಲಿಲ್ಲ. ಆದರೂ ಬೆಳಗ್ಗೆ ಆ ಸೂರಿನ ಕೆಳಗೆ ಆದದ್ದಕ್ಕಿಂತ ಹೆಚ್ಚು ಭಯ ಅವನಿಗೆ ಆ ರಸ್ತೆಬದಿಯಲ್ಲಿ ಆಯಿತು.